ಕಡಲ ಗಾಳಿಗೆ ಬಾಯಿ ಬಿಟ್ಟ ಬೆಂಚು!

ಬಸ್ಸು ಬರಲು ಇನ್ನೂ ಹತ್ತು ನಿಮಿಷ ಉಂಟು. ಕೂರೋಣವೆಂದರೆ ಸಿಮೆಂಟ್ ಬೆಂಚಿನ ಹೊಟ್ಟೆಯಿಂದ ತುಕ್ಕು ಹಿಡಿದ ಸರಳು ಇಣುಕುತ್ತಿದೆ. ಕೂತರೆ ಪಂಚೆಯೋ ಸೀರೆಯೋ ಹರಿಯುವುದು ಖಂಡಿತ. ಮಂಗಳೂರಿನಿಂದ ಕಾರವಾರದವರೆಗೆ ಕಡಲ ಬದಿಯಲ್ಲಿ ಬಸ್ಸು ಕಾಯುವವರಿಗೆ ಇದು ಹೊಸ ನೋಟವಲ್ಲ. ಒರಗುವ ಹಲಗೆಯ ಮೇಲಿನ ದಾನಿಗಳ ಹೆಸರು ಮಾತ್ರ ಗಟ್ಟಿ!

‘ಸಿಮೆಂಟೇ ಹಾಕಿಲ್ಲ ಮಾರಾಯ್ರೆ’ ಎಂದು ಜನ ಕಂಟ್ರಾಕ್ಟರನಿಗೆ ಬೈಯುತ್ತಾರೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಸಿಮೆಂಟು ಸರಿಯಾಗಿ ಹಾಕಿದ ಬೆಂಚೂ ಇಲ್ಲಿ ಒಡೆಯುತ್ತದೆ. ಕಾರಣ, ಒಳಗಿನ ಕಬ್ಬಿಣ.

ಕಾಂಕ್ರೀಟಿನ ಕ್ಷಾರಗುಣ ಸರಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಉಪ್ಪು ಸಣ್ಣ ಸಣ್ಣ ರಂಧ್ರಗಳಿಂದ ಇಳಿದು ಸರಳನ್ನು ಮುಟ್ಟಿತೋ, ಆ ಕಾವಲು ಹೋಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಮೇಲಿಂದ ಸಿಮೆಂಟ್ ಮೆತ್ತಿ ಬಣ್ಣ ಬಳಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ.

ಲೆಕ್ಕ ನೋಡಿ. 2000ನೇ ಇಸವಿಯ ಐ.ಎಸ್. 456 ನಿಯಮಾವಳಿ ಪ್ರಕಾರ ಕಡಲತೀರದ ಬಯಲಿನಲ್ಲಿ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ ಇರಬೇಕು. ಕಾಂಕ್ರೀಟೂ ಎಂ-30 ದರ್ಜೆಯದ್ದಾಗಬೇಕು. ಮೂರಿಂಚಿನ ಹಲಗೆಯ ದಪ್ಪವೇ 75 ಮಿ.ಮೀ. ಸರಳನ್ನು ನಟ್ಟನಡುವೆ ಇಟ್ಟರೂ ಮೇಲೆ ಕೆಳಗೆ 37 ಕೂಡ ಸಿಗುವುದಿಲ್ಲ. ಇನ್ನು ಬೀಚಿನ ಶೋಕಿಗೆಂದು ಎರಕ ಹೊಯ್ಯುವ ತೆಳ್ಳಗಿನ, ಅಲೆಯಾಕಾರದ ಬೆಂಚುಗಳ ಗತಿ ಕೇಳುವುದೇ ಬೇಡ.

ಹಾಗಾದರೆ ಎಂತ ಮಾಡುವುದು? ಸರಳೇ ಇಲ್ಲದ ಗಿಡ್ಡ, ದಪ್ಪ ಕಾಂಕ್ರೀಟ್ ದಿಮ್ಮಿ ಇಡಬಹುದು. ತುಕ್ಕು ಹಿಡಿಯಲು ಅದರಲ್ಲಿ ಏನೂ ಇಲ್ಲ. ನೋಡಲು ಅಷ್ಟು ಚಂದವಿಲ್ಲ, ನಿಜ. ಸಾಗಿಸಲು ಕ್ರೇನೂ ಬೇಕಾದೀತು. ಹಲಗೆಯೇ ಬೇಕೆಂದರೆ ಎರಡು ಕಟ್ಟೆಗಳ ಮೇಲೆ ಕಲ್ಲಿನ ಚಪ್ಪಡಿ ಸಾಕು. ಕೂರುವ ಜಾಗ ಸ್ವಲ್ಪ ಇಳಿಜಾರಾಗಿರಲಿ. ಮಳೆನೀರು ನಿಂತರೆ ಪಾಚಿ ಕಟ್ಟಿ ವಯಸ್ಸಾದವರು ಜಾರುತ್ತಾರೆ.

ಅಂಗಡಿಯವರು ಒಂದು ಉಪಕಾರ ಮಾಡಬಹುದು. ಎದುರಿಗೇ ಬೆಂಚು ಎರಕ ಹೊಯ್ಯುವಾಗ ಕಡಲ ಮರಳು ಬಂದಿದೆಯೇ ನೋಡಿ, ಬಂದಿದ್ದರೆ ಅಲ್ಲಿಯೇ ತಡೆಯಿರಿ. ಈಗ ಹೆಚ್ಚಾಗಿ ಬಳಸುವ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕು. ಕೆಲಸದವರು ಮೂರನೇ ದಿನಕ್ಕೇ ನಾಪತ್ತೆಯಾಗುವುದುಂಟು. ಹೊದಿಸಿದ ಗೋಣಿ ಒಣಗಿದ್ದರೆ ಒಂದು ಕೊಡ ನೀರು ಎರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಬಾವಿ ನೀರು ಉಪ್ಪಾಗಿದ್ದರೆ ಮಾತ್ರ ಬೇಡ, ನಲ್ಲಿ ನೀರೇ ಎರೆಯಿರಿ.