ಗೋಲಿಯ ಹೊಕ್ಕುಳು

ಕೈಯಿಂದ ಮಾಡಿದ ಹಳೆಯ ಗಾಜಿನ ಗೋಲಿ ಸಿಕ್ಕರೆ ಬಣ್ಣಕ್ಕೆ ಮರುಳಾಗುವ ಮೊದಲು ಅದರ ಹೊಕ್ಕುಳನ್ನು ಹುಡುಕಬೇಕು. ಬೆರಳ ತುದಿಯಲ್ಲಿ ಮೆಲ್ಲಗೆ ಹೊರಳಿಸುತ್ತಾ ಹೋದರೆ ಒಂದು ಕಡೆ ಚಿಕ್ಕದೊಂದು ಒರಟು ಗುರುತು ತಾಗುತ್ತದೆ. ಅದರ ನೇರ ಎದುರಿಗೆ ಅಂಥದ್ದೇ ಇನ್ನೊಂದು. ಕಾದ ಗಾಜಿನ ಸರಳಿನಿಂದ ಗೋಲಿಯನ್ನು ಕತ್ತರಿಸಿ ಬೇರ್ಪಡಿಸಿದ ಜಾಗಗಳಿವು. ಸಂಗ್ರಾಹಕರು ಪಾಂಟಿಲ್ ಎನ್ನುವ ಈ ಗುರುತು ಇಂದು ಅಂಗಡಿಯಲ್ಲಿ ಸಿಗುವ ಗೋಲಿಗಳಲ್ಲಿಲ್ಲ. ಅವು ಯಂತ್ರದಲ್ಲಿ ಉರುಳಿ ಉರುಳಿ ದುಂಡಗಾದವು.

ಹೊಕ್ಕುಳಿರುವ ಗೋಲಿಗಳಲ್ಲಿ ಹೆಚ್ಚಿನವುಗಳ ತವರು ಜರ್ಮನಿಯ ಥುರಿಂಗಿಯಾ ಕಾಡುಸೀಮೆಯಲ್ಲಿರುವ ಲೌಷಾ ಎಂಬ ಪುಟ್ಟ ಊರು. 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮ್ಯುಲರ್ ಎಂಬ ಗಾಜುಗಾರರು ಅಲ್ಲಿ ಕುಲುಮೆ ಹೂಡಿದರು. ಗಾಜು ಕರಗಿಸಲು ರಾಶಿ ರಾಶಿ ಸೌದೆ ಬೇಕು, ಕಾಡು ಪಕ್ಕದಲ್ಲೇ ಇತ್ತು. ಕುಲುಮೆಯ ಸುತ್ತ ಊರು ಬೆಳೆಯಿತು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಬುರುಡೆಗಳಿಗೂ ಕೃತಕ ಕಣ್ಣುಗಳಿಗೂ ಲೌಷಾ ಆಮೇಲೆ ಹೆಸರಾಯಿತು. ಗೋಲಿಯ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1840ರ ದಶಕದಲ್ಲಿ, ಅಲ್ಲಿನ ಗಾಜುಗಾರರು ಗೋಲಿಕತ್ತರಿ ಕಂಡುಹಿಡಿದಾಗ. ಅಲ್ಲಿಂದ ಮೊದಲ ಮಹಾಯುದ್ಧದವರೆಗೆ ಯುರೋಪು, ಅಮೆರಿಕದ ಮಕ್ಕಳು ಆಡಿದ ಗಾಜಿನ ಗೋಲಿಗಳಲ್ಲಿ ಬಹುಪಾಲು ಈ ಸೀಮೆಯವೇ. ಹತ್ತಿರದ ಸೋನೆಬರ್ಗ್ ಆಟಿಕೆ ವ್ಯಾಪಾರದ ಪೇಟೆಯಾಗಿದ್ದದ್ದು ಅದಕ್ಕೆ ಒದಗಿಬಂತು.

ಮಾಡುವ ಬಗೆ ತಿಳಿದರೆ ಗುರುತಿಸುವುದು ಅರ್ಧ ಕಲಿತಂತೆ. ಗಾಜುಗಾರ ಕಬ್ಬಿಣದ ಸಲಾಕೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಳ್ಳುತ್ತಾನೆ. ಅದರ ಮೈಗೆ ಬಣ್ಣದ ಗಾಜಿನ ಕಡ್ಡಿಗಳನ್ನು ಉದ್ದಕ್ಕೆ ಹತ್ತಿಸುತ್ತಾನೆ. ಮೇಲೆ ತಿಳಿಗಾಜಿನ ಪದರ, ಬೇಕಾದರೆ ಅದರ ಮೇಲೆ ಮತ್ತೆ ಬಣ್ಣದ ಎಳೆಗಳು. ಆ ಮುದ್ದೆಯನ್ನು ಹಿಡಿದು ಎಳೆಯುತ್ತಾ ತಿರುಚಿದರೆ ಉದ್ದನೆಯ ಸರಳಾಗುತ್ತದೆ, ಒಳಗಿನ ಎಳೆಗಳೆಲ್ಲ ಸುರುಳಿ ಸುತ್ತುತ್ತವೆ. ಸರಳಿನ ತುದಿಯನ್ನು ಮತ್ತೆ ಕಾಯಿಸಿ ಗೋಲಿಕತ್ತರಿಯ ಬಟ್ಟಲಿಗಿಟ್ಟು ತಿರುಗಿಸಿದರೆ ಅದು ದುಂಡಗಾಗುತ್ತದೆ. ಕತ್ತರಿಯ ಇನ್ನೊಂದು ಭಾಗದ ಅಲಗು ಬುಡವನ್ನು ಹಿಸುಕಿ ತುಂಡರಿಸುತ್ತದೆ. ಬಿಸಿ ಗೋಲಿಯನ್ನು ನಿಧಾನವಾಗಿ ಆರಿಸಬೇಕು, ಇಲ್ಲವಾದರೆ ಬಿರುಕು ಖಂಡಿತ. ಕೊನೆಗೆ ಹೊಕ್ಕುಳನ್ನು ಸಾಣೆಗೆ ಹಿಡಿದು ನಯ ಮಾಡುತ್ತಿದ್ದರು. ಕೆಲವು ದೊಡ್ಡ ಗೋಲಿಗಳ ಹೊಕ್ಕುಳ ಮೇಲೆ ಸಾಣೆಯ ಚಪ್ಪಟೆ ಮುಖಗಳು ಈಗಲೂ ಎದ್ದು ಕಾಣುತ್ತವೆ.

ಹೀಗೆ ಹುಟ್ಟಿದ್ದರಿಂದಲೇ ಒಳಗಿನ ಸುರುಳಿಗಳು ಒಂದು ಹೊಕ್ಕುಳಿನಿಂದ ಇನ್ನೊಂದರವರೆಗೆ ಹರಿಯುತ್ತವೆ. ಯಂತ್ರದ ಗೋಲಿಯಲ್ಲಿ ಬಣ್ಣ ಎಲ್ಲಿಂದಲೋ ಶುರುವಾಗಿ ಎಲ್ಲಿಯೋ ನಿಲ್ಲುತ್ತದೆ.

ಒಡಲಲ್ಲಿ ಏನಿದೆ ಎಂಬುದರ ಮೇಲೆ ಈ ಸುರುಳಿ ಗೋಲಿಗಳಿಗೆ ಹೆಸರು. ಸಣ್ಣ ಎಳೆಗಳು ಹೆಣೆದ ಬಲೆಯಂತಿದ್ದರೆ ಲ್ಯಾಟಿಸಿನೊ. ಬಣ್ಣದ ಪಟ್ಟಿಗಳು ನಡುವೆ ತೆರಪು ಬಿಟ್ಟು ಸುತ್ತಿದ್ದರೆ ಡಿವೈಡೆಡ್ ಕೋರ್, ತೆರಪಿಲ್ಲದೆ ಕೂಡಿಕೊಂಡಿದ್ದರೆ ಸಾಲಿಡ್ ಕೋರ್, ಅಗಲವಾದ ಒಂದೋ ಎರಡೋ ಪಟ್ಟಿ ಮಾತ್ರ ಇದ್ದರೆ ರಿಬ್ಬನ್. ಬಿಳಿ ಬಲೆಯ ಲ್ಯಾಟಿಸಿನೊ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದರಿಂದ ಬೆಲೆ ಕಡಿಮೆ. ಹಳದಿ ಬಲೆ ಅದಕ್ಕಿಂತ ಅಪರೂಪ. ಕೆಂಪು, ನೀಲಿ ಬಲೆ ತೀರಾ ಅಪರೂಪ. ಆದರೂ ಹೊಸಬರು ಬಿಳಿ ಬಲೆಯಿಂದಲೇ ಶುರುಮಾಡಲಿ ಎಂದು ಹೇಳುತ್ತೇನೆ. ಕೈಚಳಕ ಎಲ್ಲದರಲ್ಲೂ ಒಂದೇ, ದುಬಾರಿಯಾದದ್ದು ಬಣ್ಣ ಮಾತ್ರ.

ಲಟ್ಜ್ ಎಂಬ ಬಗೆಯಲ್ಲಿ ತಾಮ್ರದ ಸಣ್ಣ ಹರಳುಗಳು ಚಿನ್ನದ ಪುಡಿಯಂತೆ ಹೊಳೆಯುತ್ತವೆ. ಅಮೆರಿಕದ ಸ್ಯಾಂಡ್‌ವಿಚ್ ಊರಿನ ಗಾಜುಗಾರ ನಿಕೊಲಸ್ ಲಟ್ಜ್ ಇಂಥ ಗಾಜನ್ನು ಬಳಸುತ್ತಿದ್ದದ್ದರಿಂದ ಆತನ ಹೆಸರು ಅಂಟಿತು. ಗೋಲಿಗಳು ಮಾತ್ರ ಜರ್ಮನಿಯವು. ಕಾಗೆಬಂಗಾರದ ಚೂರು ಹಾಕಿದ ಗೋಲಿಯನ್ನೂ ಲಟ್ಜ್ ಎಂದು ಮಾರುವವರಿದ್ದಾರೆ. ಕಾಗೆಬಂಗಾರ ದೊಡ್ಡ ಬೆಳ್ಳಿಬಣ್ಣದ ಹಳಕುಗಳಾಗಿ ಕಾಣುತ್ತದೆ, ಲಟ್ಜ್‌ನ ಮಿನುಗು ನುಣುಪು.

ಸಲ್ಫೈಡ್ ಎಂಬುದು ಬೇರೆಯೇ ಜಾತಿ. ತಿಳಿಗಾಜಿನ ಒಳಗೆ ಬಿಳಿ ಮಣ್ಣಿನ ಪುಟ್ಟ ನಾಯಿ, ಸಿಂಹ, ಕುರಿ, ಹಕ್ಕಿ. ಗೊಂಬೆಯನ್ನು ಮೊದಲೇ ಚೆನ್ನಾಗಿ ಕಾಯಿಸಿ ಆಮೇಲೆ ಗಾಜಿನೊಳಗೆ ಸೇರಿಸುತ್ತಿದ್ದರು. ತಣ್ಣಗಿದ್ದರೆ ಗಾಜು ಸೀಳುತ್ತಿತ್ತು. ಗೊಂಬೆಗೂ ಗಾಜಿಗೂ ನಡುವೆ ಸಿಕ್ಕಿಬಿದ್ದ ಗಾಳಿಯ ತೆಳುಪೊರೆಯಿಂದಾಗಿ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಪ್ರಾಣಿಗಳಿಗಿಂತ ಮನುಷ್ಯರ ಗೊಂಬೆ ಅಪರೂಪ, ಬಣ್ಣ ಬಳಿದ ಗೊಂಬೆ ಇನ್ನೂ ಅಪರೂಪ. ಇವನ್ನು ಒಂದೊಂದಾಗಿಯೇ ಮಾಡಬೇಕು, ಸರಳಿನಿಂದ ಕತ್ತರಿಸಲಾಗದು. ಹಾಗಾಗಿ ಹೊಕ್ಕುಳು ಸಾಮಾನ್ಯವಾಗಿ ಒಂದೇ.

ಈ ಕಸುಬಿಗೆ ಪೆಟ್ಟು ಬಿದ್ದದ್ದು ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಿಂದ. ಮಾರ್ಟಿನ್ ಕ್ರಿಸ್ಟೆನ್ಸನ್ ಎಂಬಾತ ಗುಂಡು ಉರುಳಿಸುವ ಯಂತ್ರಕ್ಕೆ 1905ರಲ್ಲಿ ಪೇಟೆಂಟ್ ಪಡೆದ. ಮೊದಮೊದಲು ಕರಗಿದ ಗಾಜನ್ನು ಸಲಾಕೆಯಿಂದ ತೆಗೆದು ಯಂತ್ರದೊಳಕ್ಕೆ ಇಳಿಬಿಡುವವನು ಮನುಷ್ಯನೇ. ಅವನ ಕೈ ತಿರುವಿನಿಂದ ಕೆಲವು ಗೋಲಿಗಳ ನೆತ್ತಿಯಲ್ಲಿ 9ರ ಆಕಾರದ ಸುಳಿ ಮೂಡಿದೆ. ಯುದ್ಧ ಬಂದು ಜರ್ಮನಿಯ ಸರಕು ನಿಂತಿತು. ಯುದ್ಧ ಮುಗಿಯುವ ಹೊತ್ತಿಗೆ ಮಾರುಕಟ್ಟೆ ಯಂತ್ರದ ಕೈಸೇರಿತ್ತು. ನಮಗೆ ಚಿರಪರಿಚಿತವಾದ, ಒಳಗೆ ಎಸಳಿನಂಥ ಬಣ್ಣವಿರುವ ಬೆಕ್ಕಿನ ಕಣ್ಣಿನ ಗೋಲಿ ಇನ್ನೂ ಈಚಿನದು. 1950ರ ದಶಕದಲ್ಲಿ ಜಪಾನಿನಿಂದ ಜಗತ್ತಿಗೆ ಹಬ್ಬಿದ್ದು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ಅದನ್ನು ನೂರೈವತ್ತು ವರ್ಷ ಹಳೆಯದೆಂದು ಕೊಳ್ಳಬೇಡಿ.

ಕೊಳ್ಳುವವರು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಟ್ಟುಕೊಳ್ಳಬೇಕು. ಆಡಿದ ಗೋಲಿಯ ಮೈಮೇಲೆ ಸಣ್ಣ ಗೀರು, ಪೆಟ್ಟು ಬಿದ್ದಲ್ಲಿ ಅರ್ಧಚಂದ್ರದಂಥ ಬಿರುಕು ಇದ್ದೇ ಇರುತ್ತದೆ. ಇವು ಬೆಲೆ ಇಳಿಸುತ್ತವೆ. ಅದಕ್ಕೇ ಎಷ್ಟೋ ಜನ ಗೋಲಿಯನ್ನು ಉಜ್ಜಿಸಿ ಹೊಸದರಂತೆ ಮಾಡುತ್ತಾರೆ. ಇದು ನನಗೆ ನೋವು ತರುವ ಸಂಗತಿ. ಉಜ್ಜಿದರೆ ಗೋಲಿ ಚಿಕ್ಕದಾಗುತ್ತದೆ, ಮೇಲ್ಮೈಗೆ ಹತ್ತಿರವಿದ್ದ ಬಣ್ಣದ ಎಳೆಗಳು ಸವೆಯುತ್ತವೆ, ಹೊಕ್ಕುಳು ಅಳಿಸಿಹೋಗುತ್ತದೆ. ಆ ಮೇಲೆ ಅದನ್ನು ಯಾರು, ಹೇಗೆ ಮಾಡಿದರು ಎಂದು ಹೇಳಲು ಗೋಲಿಯಲ್ಲಿ ಉಳಿಯುವುದು ಬಹಳ ಕಡಿಮೆ. ಗೀರಿರುವ ಗೋಲಿಗೆ ಒಂದಷ್ಟು ಕಡಿಮೆ ಹಣ ಕೊಟ್ಟು ಇದ್ದಂತೆ ಇಟ್ಟುಕೊಳ್ಳುವುದೇ ಸರಿ. ಇಂದಿನ ಕಲಾವಿದರೂ ಹಳೆಯ ಪದ್ಧತಿಯಲ್ಲೇ ಸೊಗಸಾದ ಗೋಲಿಗಳನ್ನು ಮಾಡುತ್ತಿದ್ದಾರೆ. ಪ್ರಾಮಾಣಿಕರು ತಮ್ಮ ಹೆಸರಿನ ಮೊದಲಕ್ಷರವನ್ನೋ ಇಸವಿಯನ್ನೋ ಗಾಜಿನ ಮೇಲೆ ಕೊರೆದಿರುತ್ತಾರೆ. ಕೊರೆದದ್ದನ್ನು ಉಜ್ಜಿ ತೆಗೆದರೆ ಅದೂ ಹಳೆಯದೆಂದು ಮಾರಾಟವಾಗಬಹುದು. ಉಜ್ಜಿದ ಗೋಲಿಯನ್ನು ನಂಬದಿರಲು ಇದೊಂದು ಕಾರಣ ಸಾಕು.

ಅನುಭವಿಗಳು ಕೊನೆಗೆ ಹುಡುಕಿ ಹೊರಡುವುದು ಒಂದೇ ಸರಳಿನಿಂದ ಬಂದ ಗೋಲಿಗಳನ್ನು. ಒಂದು ಸರಳಿನಿಂದ ಹಲವು ಗೋಲಿಗಳು ಹುಟ್ಟುತ್ತಿದ್ದವು. ಎಳೆಗಳ ಬಣ್ಣ, ಸಾಲು, ಎಣಿಕೆ ಹೊಂದಿದರೆ ಅವು ಒಡಹುಟ್ಟಿದವು. ಸರಳಿನ ತುದಿಯಲ್ಲಿ ಕತ್ತರಿಸಿದ್ದರಲ್ಲಿ ಬಣ್ಣ ಒಂದು ಹೊಕ್ಕುಳನ್ನು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ತಿಳಿಯದವರು ಅದನ್ನು ಕೆಟ್ಟ ಗೋಲಿ ಎಂದು ಬದಿಗಿಡುತ್ತಾರೆ. ಅಂಥದ್ದು ಕಂಡರೆ ಕೇಳಿದ ಬೆಲೆ ಕೊಟ್ಟು ತೆಗೆದುಕೊಳ್ಳಿ.