ಸೊಂಟನೋವಿಗೆ ಯಾವ ಚಿಕಿತ್ಸೆ?

ಈ ವಿಷಯವಾಗಿ ಬರೆಯಲು ನಿನಗೆ ಯಾವ ಅಧಿಕಾರವಿದೆಯೆಂದು ವಾಚಕರು ಕೇಳಿದರೆ ತಪ್ಪಲ್ಲ. ನಾನು ವೈದ್ಯ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿ. ಆದರೆ ನಮ್ಮ ಮನೆಯಲ್ಲಿ ಓದುಬರಹ ಬಲ್ಲವನು ನಾನೊಬ್ಬನೇ ಆದುದರಿಂದ, ಕಂದಾಯದ ರಸೀತಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯವರೆಗೆ ಮನೆಗೆ ಬಂದ ಕಾಗದವೆಲ್ಲ ಕೊನೆಗೆ ನನ್ನ ಕೈಗೇ ಸೇರುತ್ತದೆ. ಕಳೆದ ದೀಪಾವಳಿಯ ಮಾರನೆಯ ವಾರ ಹೀಗೆ ಬಂದ ಒಂದು ಕಾಗದವೇ ಈ ಲೇಖನಕ್ಕೆ ಕಾರಣ.

ನಮ್ಮ ತಂದೆಯವರು ತಿಪಟೂರು ಸೀಮೆಯ ಕೊಬ್ಬರಿ ಮಂಡಿಯೊಂದರಲ್ಲಿ ಹಮಾಲಿ ಮಾಡುವವರು. ಇಪ್ಪತ್ತೆರಡು ವರ್ಷಗಳಿಂದ ಲಾರಿಗೆ ಚೀಲ ಏರಿಸುವುದು, ಇಳಿಸುವುದೇ ಅವರ ಕಸುಬು. ಎರಡು ವರ್ಷಗಳಿಂದ ಅವರಿಗೆ ಸೊಂಟನೋವು. ಕೆಲವು ದಿನ ಎಡಗಾಲಿನ ಹಿಂಭಾಗದಲ್ಲಿ ಮೀನಖಂಡದವರೆಗೂ ಸೆಳೆತ. ಮೊದಮೊದಲು ಲಕ್ಕಿಸೊಪ್ಪಿನ ಶಾಖ, ಹರಳೆಣ್ಣೆ. ಪಕ್ಕದ ಹಟ್ಟಿಯಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರಿದ್ದಾರೆ. ಅವರಿಂದ ಬೆನ್ನಿಗೆ ಒದೆಸಿಕೊಂಡದ್ದೂ ಆಯಿತು. ಆಮೇಲೆ ಔಷಧದಂಗಡಿಯ ಮಾತ್ರೆ, ಸೊಂಟಕ್ಕೆ ಬೆಲ್ಟು, ಇಂಜೆಕ್ಷನ್ನು. ಕೊನೆಗೆ ಪಟ್ಟಣದ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋಗಿ ಎಂ.ಆರ್.ಐ. ತೆಗೆಸಿದರು. ಅಲ್ಲಿ ಚಿತ್ರವನ್ನು ಐದು ನಿಮಿಷ ನೋಡಿ, ಡಿಸ್ಕ್ ಜರುಗಿದೆ, ಆಪರೇಷನ್ ಆಗಬೇಕು, ಒಂದೂವರೆ ಲಕ್ಷವಾಗುತ್ತದೆ ಎಂದರಂತೆ. ಅಪ್ಪ ಮನೆಗೆ ಬಂದು ಆ ದೊಡ್ಡ ಕವರನ್ನು ನನ್ನ ಮುಂದಿಟ್ಟರು.

"ನೀನು ಓದಿರೋನು, ಇದ್ರಾಗೆ ಏನು ಬರ್ದವ್ರೆ ನೋಡಪ್ಪ. ಮಾಡಿಸ್ಬೇಕೋ ಬ್ಯಾಡ್ವೋ ನೀನೇ ಹೇಳು."

ಮನೆಯಲ್ಲಿದ್ದ ಆಸ್ತಿಯೆಂದರೆ ಹದಿನೆಂಟು ಗುಂಟೆ ಹೊಲ, ಮತ್ತು ನನ್ನ ಬಿ.ಎಡ್.ಗೆಂದು ಅವ್ವ ಸಂಘದಲ್ಲಿ ಕೂಡಿಟ್ಟ ಹಣ. ಹದಿನೈದು ವರ್ಷಗಳ ವಿದ್ಯಾಭ್ಯಾಸದಲ್ಲಿ ಇಂತಹ ಪ್ರಶ್ನೆಪತ್ರಿಕೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. "ನಾಳೆ ಹೇಳ್ತೀನಪ್ಪ" ಎಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಕಾಲೇಜಿನ ಗ್ರಂಥಪಾಲಕರ ನೆರವಿನಿಂದ ಓದಿದ್ದನ್ನೂ, ಸರ್ಕಾರಿ ಆಸ್ಪತ್ರೆಯ ಮೂಳೆ ವೈದ್ಯರೊಬ್ಬರು ತಾಳ್ಮೆಯಿಂದ ತಿಳಿಸಿಕೊಟ್ಟದ್ದನ್ನೂ ಇಲ್ಲಿ ಬರೆಯುತ್ತೇನೆ. ನಮ್ಮ ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿ ಇಂತಹುದೇ ಒಂದು ಕವರು ಇದೆಯೆಂಬುದನ್ನು ನಾನು ಬಲ್ಲೆ.

ಮೊದಲು ಆ ಚಿತ್ರದ ಮಾತು. ನಮ್ಮ ಸೊಂಟದ ಭಾಗದಲ್ಲಿ ೫ ಕಶೇರುಮಣಿಗಳಿವೆ. ಮಣಿಗೂ ಮಣಿಗೂ ನಡುವೆ ಒಂದೊಂದು ಮೆತ್ತೆ. ಅದರ ಹೊರಗೆ ನಾರಿನ ಬಿಗಿಯಾದ ಸುತ್ತು, ಒಳಗೆ ಲೋಳೆಯಂತಹ ತಿರುಳು. ಇದನ್ನೇ ಡಿಸ್ಕ್ ಎನ್ನುವುದು. ಸುತ್ತು ಹರಿದು ತಿರುಳು ಹೊರಚಾಚಿ ಪಕ್ಕದ ನರದ ಬೇರನ್ನು ತಾಕಿದರೆ ನೋವು ಕಾಲಿಗಿಳಿಯುತ್ತದೆ. ಕಾಲಿಗಿಳಿಯುವ ಈ ನೋವನ್ನು ನಮ್ಮ ಪ್ರಾಚೀನರು ಅರಿಯದೆ ಇರಲಿಲ್ಲ. ಗೃಧ್ರಸಿಯೆಂಬ ಹೆಸರಿನಿಂದ ಚರಕಸಂಹಿತೆಯಲ್ಲಿಯೇ ಅದರ ಪ್ರಸ್ತಾಪವಿದೆ. ಆದರೆ ಅದಕ್ಕೆ ಡಿಸ್ಕ್ ಕಾರಣವಾಗಬಹುದೆಂಬುದನ್ನು ೧೯೩೪ರಲ್ಲಿ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು ಬರೆದು ತೋರಿಸಿದ ಮೇಲೆ, ಸೊಂಟನೋವೆಂದರೆ ಡಿಸ್ಕ್, ಡಿಸ್ಕೆಂದರೆ ಶಸ್ತ್ರಚಿಕಿತ್ಸೆ ಎಂಬ ಭಾವನೆ ಲೋಕದಲ್ಲೆಲ್ಲ ಬೇರೂರಿತು.

ಅಪ್ಪನ ವರದಿಯ ಇಂಗ್ಲಿಷನ್ನು ನಿಘಂಟಿನ ಸಹಾಯದಿಂದ ಓದಿದಾಗ ಪ್ರತಿ ಶಬ್ದವೂ ನನ್ನನ್ನು ಹೆದರಿಸಿತು. ಸವೆತ, ಉಬ್ಬು, ಒಣಗುವಿಕೆ! ಆದರೆ ೨೦೧೫ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ನನ್ನ ಹೆದರಿಕೆಯನ್ನು ಅರ್ಧಕ್ಕೆ ಇಳಿಸಿತು. ಅದರಲ್ಲಿ ಬೆನ್ನುನೋವೇ ಇಲ್ಲದ ೩೧೧೦ ಜನರ ಚಿತ್ರಗಳ ಲೆಕ್ಕವಿದೆ. ಯಾವ ನೋವೂ ಇಲ್ಲದ ಐವತ್ತರ ವಯಸ್ಸಿನವರಲ್ಲಿ ಶೇಕಡಾ ೮೦ ಜನಕ್ಕೆ ಡಿಸ್ಕ್ ಸವೆದಿತ್ತು. ಶೇಕಡಾ ೬೦ ಜನಕ್ಕೆ ಉಬ್ಬಿತ್ತು. ಅಷ್ಟೇಕೆ, ಇಪ್ಪತ್ತರ ವಯಸ್ಸಿನವರಲ್ಲಿಯೂ ಶೇಕಡಾ ೩೭ ಜನಕ್ಕೆ ಸವೆತವಿತ್ತು. ಎಂದರೆ ನಮ್ಮ ತರಗತಿಯಲ್ಲಿ ನನ್ನ ಬೆಂಚಿನ ಮೂವರಲ್ಲಿ ಒಬ್ಬನ ವರದಿಯಲ್ಲಿಯೂ ಇದೇ ಭಯಂಕರ ಶಬ್ದಗಳು ಬರಬಹುದು. ಅವನಾದರೋ ದಿನವೂ ಸಂಜೆ ವಾಲಿಬಾಲ್ ಆಡುತ್ತಿರುತ್ತಾನೆ! ತಲೆ ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಚಿತ್ರದಲ್ಲಿ ಕಂಡದ್ದೇ ನೋವಿನ ಕಾರಣವೆಂದು, ರೋಗಿಯ ಮೈಮುಟ್ಟಿ ನೋಡದೆ ಹೇಳಲು ಬರುವುದಿಲ್ಲ.

ಹಾಗೆಂದು ಚಿತ್ರವೇ ನಿರರ್ಥಕವೆಂದು ಯಾರೂ ತಿಳಿಯಬಾರದು. ಕೆಲವು ಲಕ್ಷಣಗಳಿದ್ದರೆ ಕಾಯುವಂತೆಯೇ ಇಲ್ಲ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು, ತೊಡೆಯ ಸಂದಿ ಮರಗಟ್ಟುವುದು, ಕಾಲಿನ ಬಲ ದಿನೇ ದಿನೇ ಕುಂದುವುದು: ಇವು ಕಂಡ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ಮೈ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ಗೆಡ್ಡೆಯನ್ನೂ ಸಂಶಯಿಸಬೇಕು. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಅಳಿದಿಲ್ಲವಷ್ಟೆ. ಸರ್ಕಾರಿ ಆಸ್ಪತ್ರೆಯ ವೈದ್ಯರು ಅಪ್ಪನನ್ನು ಮಲಗಿಸಿ ಕಾಲೆತ್ತಿಸಿದರು, ಮಂಡಿಗೆ ಸುತ್ತಿಗೆಯಿಂದ ತಟ್ಟಿದರು, ಹಿಮ್ಮಡಿಯ ಮೇಲೆ ನಡೆಸಿದರು. ಇಂತಹ ಲಕ್ಷಣ ಒಂದೂ ಇರಲಿಲ್ಲ. "ಹಾಗಾದರೆ ನಮಗೆ ಯೋಚನೆ ಮಾಡಲು ವೇಳೆ ಇದೆ" ಎಂದರು. ಆ ಒಂದು ಮಾತಿನಿಂದ ಅವ್ವನಿಗೆ ಆ ರಾತ್ರಿ ನಿದ್ದೆ ಬಂದಿತು.

ಇನ್ನು ಚಿಕಿತ್ಸೆಗಳ ವಿಚಾರ. ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇದರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ಡಿಸೆಂಬರಿನಲ್ಲಿ ಮಾರ್ಗಸೂಚಿಯನ್ನು ಹೊರತಂದಿತು. ಅದನ್ನು ಓದುತ್ತ ಹೋದಂತೆ ನಮ್ಮ ಮನೆಯಲ್ಲಿ ಹಣ ಖರ್ಚಾದದ್ದೆಲ್ಲ ಬೇಡವೆಂಬ ಪಟ್ಟಿಯಲ್ಲಿಯೇ ಇರುವುದನ್ನು ಕಂಡು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸೊಂಟದ ಬೆಲ್ಟು ಬೇಡ. ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಬೇಡ. ಅಫೀಮಿನ ಜಾತಿಯ ನೋವುನಿವಾರಕಗಳು ಬೇಡವೇ ಬೇಡ. ಬೇಕೆಂಬ ಪಟ್ಟಿಯಲ್ಲಿರುವುದು ರೋಗಿಗೆ ತಿಳಿವಳಿಕೆ, ಕ್ರಮವಾದ ವ್ಯಾಯಾಮ, ಅಂಗಮರ್ದನ, ಮನಸ್ಸಿಗೆ ಸಂಬಂಧಿಸಿದ ಕೆಲವು ಚಿಕಿತ್ಸೆಗಳು, ಮತ್ತು ಐಬುಪ್ರೊಫೆನ್ ಮುಂತಾದ ಉರಿಯೂತ ತಗ್ಗಿಸುವ ಮಾತ್ರೆಗಳು. ಕಾರದ ಮೆಣಸಿನಕಾಯಿಯ ಲೇಪವನ್ನೂ ದುರ್ಬಲ ಆಧಾರದ ಮೇಲೆ ಒಪ್ಪಿದ್ದಾರೆ. ಇದನ್ನು ಹೇಳಿದಾಗ ಅವ್ವ, "ಮೆಣಸಿನಕಾಯಿ ನಮ್ಮ ಮನೇಲೇ ಇತ್ತಲ್ಲೋ" ಎಂದಳು. ಅಡಿಗೆಮನೆಯ ಪುಡಿಯನ್ನು ಕಲಸಿ ಹಚ್ಚಿದರೆ ಚರ್ಮ ಬೊಬ್ಬೆಯೇಳುತ್ತದೆಂದು ತಡೆಯಬೇಕಾಯಿತು.

ಮಾತ್ರೆಗಳ ಬಗ್ಗೆ ಒಂದು ಎಚ್ಚರಿಕೆ. ಉರಿಯೂತದ ಮಾತ್ರೆ ಕೆಲವು ದಿನಕ್ಕೆ ಒಳ್ಳೆಯದೇ. ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು, ರಕ್ತದೊತ್ತಡ ಏರುವುದು. ಅಪ್ಪ ಮಂಡಿಯ ಎದುರಿನ ಅಂಗಡಿಯಲ್ಲಿ ಬೆಳಗ್ಗೆ ಕಾಫಿಯ ಜೊತೆಗೆ ಒಂದು, ಮಧ್ಯಾಹ್ನ ಒಂದು ನುಂಗುತ್ತಿದ್ದರು. ಹಮಾಲರಲ್ಲಿ ಅನೇಕರ ದಿನಚರಿ ಇದು. ಇನ್ನು ಸಾಮಾನ್ಯ ಪ್ಯಾರಾಸಿಟಮಾಲ್ ಆದರೋ, ಆಸ್ಟ್ರೇಲಿಯಾದಲ್ಲಿ ೧೬೫೨ ಜನರ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೊಸ ಸೊಂಟನೋವಿಗೆ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ.

ವಿಶ್ರಾಂತಿಯ ವಿಷಯದಲ್ಲಿ ನಮ್ಮೆಲ್ಲರ ನಂಬಿಕೆಯೂ ತಲೆಕೆಳಗಾಗಿದೆ. ಹಲಗೆಯ ಮೇಲೆ ಮಲಗಿ ಅಲುಗಾಡಬೇಡ ಎಂಬುದು ಹಿಂದಿನ ಉಪದೇಶ. ೧೯೮೬ರ ಒಂದು ಅಮೆರಿಕನ್ ಪ್ರಯೋಗದಲ್ಲಿ ಎರಡು ದಿನ ಮಲಗುವಂತೆ ಹೇಳಿಸಿಕೊಂಡವರು, ಏಳು ದಿನ ಮಲಗುವಂತೆ ಹೇಳಿಸಿಕೊಂಡವರಷ್ಟೇ ಗುಣವಾದರು, ಮತ್ತು ಬೇಗ ಕೆಲಸಕ್ಕೆ ಹೋದರು. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ನಗರದ ನೌಕರರನ್ನು ಪರೀಕ್ಷಿಸಿದಾಗ, ಮಲಗಿದವರಿಗಿಂತ ನೋವು ಸಹಿಸುವಷ್ಟರ ಮಟ್ಟಿಗೆ ನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಅಲುಗಿದರೆ ಮುರಿದೀತೆಂಬ ಭಯ ಬಲಿಯುತ್ತದೆ. ಭಯ ಬಲಿತಷ್ಟೂ ನರಗಳು ಚುರುಕಾಗಿ ಸಣ್ಣ ನೋವೂ ದೊಡ್ಡದಾಗಿ ತೋರುತ್ತದೆ. ಮನಸ್ಸಿಗೆ ಚಿಕಿತ್ಸೆಯೆಂದರೆ ನೋವು ಸುಳ್ಳೆಂದಲ್ಲ, ಈ ಸುತ್ತನ್ನು ಬಿಡಿಸುವುದು ಎಂದು ವೈದ್ಯರು ಹೇಳಿದರು.

ನಡಿಗೆಯ ಬಗ್ಗೆ ೨೦೨೪ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಸೊಂಟನೋವಿನಿಂದ ಆಗತಾನೇ ಗುಣವಾದ ೭೦೧ ಜನರಲ್ಲಿ ಅರ್ಧದಷ್ಟು ಜನರಿಗೆ, ಕ್ರಮೇಣ ಹೆಚ್ಚಿಸುತ್ತ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆಯಲು ಕಲಿಸಿದರು. ನಡೆಯದವರಿಗೆ ನೋವು ಮರಳಲು ಹಿಡಿದ ಮಧ್ಯಕ ಕಾಲ ೧೧೨ ದಿನ. ನಡೆದವರಿಗೆ ೨೦೮ ದಿನ. ಖರ್ಚು ಒಂದು ಜೊತೆ ಚಪ್ಪಲಿ! ಯೋಗಾಸನದ ವಿಷಯದಲ್ಲಿಯೂ, ಬಾಸ್ಟನ್ನಿನಲ್ಲಿ ಬಹುಮಟ್ಟಿಗೆ ಬಡವರೇ ಇದ್ದ ೩೨೦ ಜನರ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಫಿಸಿಯೋಥೆರಪಿಗೆ ಸಮವಾಗಿ ನಿಂತಿತು. ನಮ್ಮ ನಾಡಿನ ವಿದ್ಯೆಯೆಂಬ ಅಭಿಮಾನದಿಂದ ಇದನ್ನು ಹೇಳುತ್ತಿಲ್ಲ. ಫಿಸಿಯೋಥೆರಪಿಗಿಂತ ಮೇಲೆಂದೂ ಅವರು ಹೇಳಿಲ್ಲ.

ಎಣ್ಣೆ ಶಾಖಗಳನ್ನು ನಾನು ಹೀಗಳೆಯಲಾರೆ. ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆಯ ತೈಲ ನಿಲ್ಲಿಸುವ ಕಟಿಬಸ್ತಿಯಿಂದಾಗಲಿ, ನಮ್ಮ ಲಕ್ಕಿಸೊಪ್ಪಿನಿಂದಾಗಲಿ ಸ್ನಾಯುಗಳಿಗೆ ಹಿತವಾಗುತ್ತದೆ. ಹಿತವಾದಾಗ ಮನುಷ್ಯ ಎದ್ದು ನಡೆದಾಡುತ್ತಾನೆ. ಆದರೆ ಹೆಸರಿಲ್ಲದ ಪೊಟ್ಟಣದ ಪುಡಿಗಳನ್ನು ಮುಟ್ಟಬಾರದು. ಅಂತಹವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಕಾಲು ಮುಂದಾಗಿ ಹುಟ್ಟಿದವರ ಒದೆತದ ಗುಟ್ಟೂ ನನಗೆ ಹೊಳೆಯಿತು. ಈ ನೋವು ಏರಿಳಿಯುವ ಸ್ವಭಾವದ್ದು. ನೋವು ತುದಿ ಮುಟ್ಟಿದ ದಿನ ನಾವು ಅವರ ಬಳಿಗೆ ಓಡುತ್ತೇವೆ. ತುದಿ ಮುಟ್ಟಿದ್ದು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಪಾದಕ್ಕೆ ಸಲ್ಲುತ್ತದೆ. ಇಂಜೆಕ್ಷನ್ನಿಗೂ ಬೆಲ್ಟಿಗೂ ಬಂದಿರುವ ಕೀರ್ತಿಯಲ್ಲಿ ಇಂತಹ ಪಾಲೆಷ್ಟೋ! ಪ್ರಯೋಗಗಳಲ್ಲಿ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸುವುದು ಇದಕ್ಕಾಗಿಯೇ.

ಕೊನೆಗೆ ಶಸ್ತ್ರಚಿಕಿತ್ಸೆ. ನಮ್ಮ ಪ್ರಶ್ನೆ ಇದ್ದದ್ದೇ ಇಲ್ಲಿ. ಇದರಲ್ಲಿ ಎರಡು ಬಗೆಯನ್ನು ಬೇರ್ಪಡಿಸಿ ನೋಡಬೇಕೆಂದು ವೈದ್ಯರು ಹೇಳಿದರು. ಕಾಲಿಗಿಳಿಯುವ ತೀವ್ರವಾದ ನೋವಿದ್ದು, ಚಿತ್ರವೂ ಪರೀಕ್ಷೆಯೂ ಒಂದೇ ನರವನ್ನು ತೋರಿಸಿದರೆ, ಚಾಚಿದ ತಿರುಳನ್ನು ತೆಗೆಯುವುದರಿಂದ ಬೇಗನೆ ಸುಖವಾಗುತ್ತದೆ, ಇದು ನಿಜ. ನೆದರ್ಲೆಂಡ್ಸಿನಲ್ಲಿ ಅಂತಹ ೨೮೩ ರೋಗಿಗಳ ಮೇಲೆ ನಡೆದು ೨೦೦೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗ ಶಸ್ತ್ರಚಿಕಿತ್ಸೆಯಾದವರು ಬೇಗ ಚೇತರಿಸಿಕೊಂಡರು. ಆದರೆ ವರ್ಷ ತುಂಬುವ ಹೊತ್ತಿಗೆ ಎರಡು ಗುಂಪಿನಲ್ಲಿಯೂ ಶೇಕಡಾ ೯೫ ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲಿ ಶೇಕಡಾ ೩೯ ಜನಕ್ಕೆ ಕಾದ ಮೇಲೆ ಶಸ್ತ್ರಚಿಕಿತ್ಸೆ ಬೇಕೇ ಆಯಿತೆಂಬುದನ್ನೂ ಮರೆಮಾಚಬಾರದು, ಉಳಿದವರಿಗೆ ಬೇಕಾಗಲಿಲ್ಲ. ಚಾಚಿದ ತಿರುಳು ಎಷ್ಟೋ ವೇಳೆ ತಾನಾಗಿಯೇ ಕುಗ್ಗುತ್ತದೆ. ಎರಡನೆಯ ಬಗೆ, ಕಾಲಿನ ನೋವು ಗೌಣವಾಗಿ ಸೊಂಟದ ನೋವೇ ಮುಖ್ಯವಾದಾಗ ಮಣಿಗಳನ್ನು ತಿರುಪಿನಿಂದ ಬೆಸೆಯುವುದು. ಇಂಗ್ಲೆಂಡಿನಲ್ಲಿ ೨೦೦೫ರಲ್ಲಿ ಇದನ್ನು ಕಟ್ಟುನಿಟ್ಟಾದ ವ್ಯಾಯಾಮ ಶಿಕ್ಷಣದೊಡನೆ ಹೋಲಿಸಿದಾಗ, ಬೆಸುಗೆಯೇ ಮೇಲೆಂಬುದಕ್ಕೆ ಸ್ಪಷ್ಟವಾದ ಆಧಾರ ಸಿಗಲಿಲ್ಲ. ಅಪ್ಪನಿಗೆ ಒಂದೂವರೆ ಲಕ್ಷಕ್ಕೆ ಹೇಳಿದ್ದು ಈ ಬೆಸುಗೆಯನ್ನೇ.

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಯಾವ ಪ್ರಯೋಗದಲ್ಲಿಯೂ ಇರಲಿಲ್ಲ. ನಿತ್ಯದ ಕೆಲಸ ಬಿಡಬೇಡಿ ಎಂದು ಹೆಲ್ಸಿಂಕಿಯ ನೌಕರನಿಗೆ ಹೇಳುವುದು ಸುಲಭ. ನಮ್ಮಪ್ಪನ ನಿತ್ಯದ ಕೆಲಸವೆಂದರೆ ಬೆನ್ನಮೇಲೆ ಚೀಲ ಹೊರುವುದು! ಗಂಡಾಳೊಬ್ಬನು ಹೊರಬಹುದಾದ ಗರಿಷ್ಠ ತೂಕ ೫೫ ಕಿಲೋ ಮೀರುವಲ್ಲಿ ಅದನ್ನು ಅಷ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ೧೯೬೭ರಲ್ಲಿಯೇ ಶಿಫಾರಸು ಮಾಡಿತು. ಅದು ಒಂದು ಸಲ ಹೊರುವ ತೂಕದ ಮಾತು. ದಿನಕ್ಕೆ ಎಷ್ಟು ಚೀಲವೆಂಬ ಲೆಕ್ಕ ಬೇರೆ. ಚೀಲಕ್ಕೆ ಇಷ್ಟೆಂದು ಕೂಲಿ ಇರುವವನು ಚೀಲ ಕಡಮೆ ಮಾಡಿದರೆ ಅನ್ನ ಕಡಮೆಯಾಗುತ್ತದೆ. ಅರ್ಥಶಾಸ್ತ್ರದ ಪಾಠದಲ್ಲಿ ಬಿಡಿಗೂಲಿಯ ವಿಚಾರ ಓದಿ ಪರೀಕ್ಷೆಯಲ್ಲಿ ಬರೆದಿದ್ದ ನನಗೆ ಅದು ಅರ್ಥವಾದದ್ದು ಈಗ. ಇದೇ ಹೊರೆ ಮುಂದುವರಿದರೆ ಯಾವ ಚಿಕಿತ್ಸೆಯೂ ಹೆಚ್ಚು ದಿನ ತಾಳಲಾರದೆಂದು ನನ್ನ ಅಭಿಪ್ರಾಯ.

ಆದುದರಿಂದ ನಾನು ಅಪ್ಪನಿಗೆ ಹೇಳಿದ್ದು ಇಷ್ಟು: "ಈಗ ಆಪರೇಷನ್ ಬ್ಯಾಡ. ಆರು ತಿಂಗಳು ಚೀಲ ಹೊರಾದು ಬಿಡು. ದಿನಾ ನಡಿ. ಕಾಲು ಸೋತ್ರೆ ಅವತ್ತೇ ಹೋಗಾನ." ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೊಲ ಉಳೀತು ಅನ್ನು" ಎಂದರು. ಮಂಡಿಯ ಸಾಹುಕಾರರನ್ನು ಕೇಳಿಕೊಂಡಾಗ ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟರು. ದಬ್ಬಣ ಹಿಡಿದು ಗಂಟೆಗೊಮ್ಮೆ ಎದ್ದು ನಿಲ್ಲುತ್ತಾರೆ. ಕೂಲಿ ಮೊದಲಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಆ ಕೊರತೆಯನ್ನು ಅವ್ವನ ಸಂಘದ ಹಣವೇ ತುಂಬುತ್ತಿದೆ, ನನ್ನ ಬಿ.ಎಡ್. ಒಂದು ವರ್ಷ ಮುಂದೆ ಹೋಯಿತು.

ಬೆಳಗಿನ ಜಾವ ಅಪ್ಪ ಕೆರೆ ಏರಿಯ ಮೇಲೆ ನಡೆಯುತ್ತಾರೆ. ಮೊದಲ ತಿಂಗಳು ತೂಬಿನವರೆಗೆ, ಈಗ ಕೋಡಿಯವರೆಗೆ. ಕೆಲಸವಿಲ್ಲದವರಂತೆ ಸುತ್ತುತ್ತಾನೆಂದು ಊರವರು ನಗುತ್ತಾರೆಂಬ ಸಂಕೋಚ ಅವರಿಗೆ ಇನ್ನೂ ಹೋಗಿಲ್ಲ. ನೋವೂ ಪೂರ್ತಿ ಹೋಗಿಲ್ಲ. ಕೇಳಿದರೆ "ಐತೆ, ಮೊದ್ಲಿನಂಗಿಲ್ಲ" ಎನ್ನುತ್ತಾರೆ. ಮಾತ್ರೆ ವಾರಕ್ಕೆ ಒಂದೋ ಎರಡೋ. ವೈದ್ಯರು ಕಲಿಸಿಕೊಟ್ಟಂತೆ ಪ್ರತಿ ಭಾನುವಾರ ನಾನು ಅವರನ್ನು ಹಜಾರದಲ್ಲಿ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ಬೆರಳ ತುದಿಯ ಮೇಲೆ ಹತ್ತು ಹೆಜ್ಜೆ ನಡೆಸುತ್ತೇನೆ. ಎಡಪಾದ ಕುಸಿದರೆ ಮಾರನೆಯ ದಿನವೇ ಆಸ್ಪತ್ರೆಗೆ ಹೊರಡುವುದೆಂದು ನಮ್ಮಿಬ್ಬರಿಗೂ ಒಪ್ಪಂದವಾಗಿದೆ. ಈ ಲೇಖನವನ್ನು ಸಂಪಾದಕರಿಗೆ ಕೊಡುವ ಹಿಂದಿನ ಭಾನುವಾರವೂ ಅವರು ಇಪ್ಪತ್ತು ಹೆಜ್ಜೆಯನ್ನೂ ಸರಿಯಾಗಿ ನಡೆದರು.