ಲಜ್ಜಾಗೌರಿ: ಮಣ್ಣಿನಲ್ಲಿ ಮೂಡಿದ ತಾಯಿ

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಭಾನುವಳ್ಳಿ)

ಕಳೆದ ವರ್ಷ ಇತಿಹಾಸ ವಿಭಾಗದ ಪ್ರವಾಸದಲ್ಲಿ ನಾವು ಬಾದಾಮಿಗೆ ಹೋಗಿದ್ದೆವು. ಅಗಸ್ತ್ಯತೀರ್ಥದ ದಂಡೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಒಂದು ಶಿಲ್ಪದ ಮುಂದೆ ಬಂದಾಗ ಹುಡುಗರಲ್ಲಿ ಕೆಲವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಹುಡುಗಿಯರಾದ ನಾವು ತಲೆ ತಗ್ಗಿಸಿ ಮುಂದಕ್ಕೆ ನಡೆದುಬಿಟ್ಟೆವು. ಅದು ನಾಗನಾಥಕೊಳ್ಳದ ಗುಡಿಯಿಂದ ತಂದಿರಿಸಿದ ಲಜ್ಜಾಗೌರಿಯ ಮೂರ್ತಿ. ಊರಿಗೆ ಬಂದ ಮೇಲೂ ಹಾಗೆ ತಲೆ ತಗ್ಗಿಸಿದ್ದು ನನ್ನ ಮನಸ್ಸನ್ನು ಬಾಧಿಸುತ್ತಲೇ ಇತ್ತು. ಕಣ್ಣಾರೆ ನೋಡದೆ ಬಂದದ್ದನ್ನು ಓದಿಯಾದರೂ ತಿಳಿಯೋಣವೆಂದು ಗ್ರಂಥಾಲಯಕ್ಕೆ ಹೋದೆ. ಹಾಗೆ ತಿಳಿದದ್ದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮೂರ್ತಿಯ ಲಕ್ಷಣವನ್ನು ನೋಡೋಣ. ಮಂಡಿಗಳನ್ನು ಮಡಿಸಿ, ಕಾಲುಗಳನ್ನು ಅಗಲಿಸಿ, ಹೆರಿಗೆಯ ಭಂಗಿಯಲ್ಲಿರುವ ಸ್ತ್ರೀ ಈಕೆ. ಮೈಮೇಲೆ ಆಭರಣಗಳಿವೆ, ವಸ್ತ್ರವಿಲ್ಲ. ಮುಖವಿರಬೇಕಾದ ಕಡೆ ಅರಳಿದ ದೊಡ್ಡ ತಾವರೆಯಿದೆ. ಇದು ಬಾದಾಮಿ ಚಲುಕ್ಯರ ಕಾಲದ, ಸುಮಾರು 7ನೆಯ ಶತಮಾನದ ಕೆಲಸ.

ಆದರೆ ಕಲ್ಲಿಗೆ ಏರುವ ಮುಂಚೆಯೇ ಈ ತಾಯಿ ಮಣ್ಣಿನಲ್ಲಿ ಮೂಡಿದ್ದಳು. ಮಹಾರಾಷ್ಟ್ರದ ತೇರ್, ತೆಲಂಗಾಣದ ಕೊಂಡಾಪುರ ಮುಂತಾದ ಪ್ರಾಚೀನ ಪಟ್ಟಣಗಳ ಉತ್ಖನನದಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳ ಇಂಥ ಸುಟ್ಟಮಣ್ಣಿನ ಬೊಂಬೆಗಳು ದೊರೆತಿವೆ. ಅವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಹದಮಾಡಿದ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿ, ತೆಗೆದು ಒಣಗಿಸಿ ಸುಟ್ಟರೆ ಬೊಂಬೆ ಸಿದ್ಧ. ಒಂದೇ ಅಚ್ಚಿನಿಂದ ಎಷ್ಟೋ ಬೊಂಬೆಗಳನ್ನು ತೆಗೆಯಬಹುದು. ಹೀಗೆ ಸುಲಭವಾಗಿ ಆಗುವ ವಸ್ತು ಅರಮನೆಗೆ ಮಾತ್ರ ಮೀಸಲಾಗಿರಲಾರದು. ಮನೆಯ ಪೂಜೆಗೋ ಮಕ್ಕಳ ಹರಕೆಗೋ ಸಾಮಾನ್ಯ ಜನರು ಇವನ್ನು ಬಳಸುತ್ತಿದ್ದರೆಂದು ಊಹಿಸುವುದು ಯುಕ್ತವಾಗಿದೆ.

ಇವುಗಳಲ್ಲಿ ಹಲವು ಬಗೆಗಳಿವೆ. ಕೆಲವಕ್ಕೆ ಮನುಷ್ಯರ ತಲೆಯೇ ಇದೆ. ಕೆಲವಕ್ಕೆ ತಾವರೆಯ ತಲೆಯಿದ್ದು ಕೈಗಳಿಲ್ಲ. ಇನ್ನು ಕೆಲವದರಲ್ಲಿ ದುಂಡಗಿನ ಹೊಟ್ಟೆಯೇ ಗಡಿಗೆ, ಅದರ ಬಾಯಲ್ಲಿ ಹೂವು. ಅಂದರೆ ಸಾಕ್ಷಾತ್ ಪೂರ್ಣಕುಂಭ. ನಮ್ಮ ಕಡೆ ಮದುವೆಗೆ ಕುಂಬಾರರ ಮನೆಯಿಂದ ಐರಣಿ ಗಡಿಗೆಗಳನ್ನು ತರುವುದನ್ನು ಕಂಡವರಿಗೆ ಗಡಿಗೆಗೂ ಬಸಿರಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹೆಸರಿನ ವಿಚಾರ. ‘ಲಜ್ಜಾಗೌರಿ’ ಎಂಬುದು ಆ ಹಳೆಯ ಬೊಂಬೆಗಳ ಮೇಲೆ ಬರೆದಿರುವ ಹೆಸರಲ್ಲ. ಬಹುಕಾಲದ ನಂತರ ಬಂದದ್ದು. 1956ರಲ್ಲಿ ವಿದುಷಿ ಸ್ಟೆಲ್ಲಾ ಕ್ರಾಮ್ರಿಷ್ ಇವಳನ್ನು ಋಗ್ವೇದದ 10ನೆಯ ಮಂಡಲದಲ್ಲಿ ಬರುವ ದೇವಮಾತೆ ಅದಿತಿಯೆಂದು ಗುರುತಿಸಿದರು. 1960ರಲ್ಲಿ ಪುರಾತತ್ತ್ವಜ್ಞ ಎಚ್.ಡಿ. ಸಾಂಕಳಿಯಾ ಅವರು ಬರೆದ ಲೇಖನದ ಶೀರ್ಷಿಕೆಯಲ್ಲಿ ಇವಳು ‘ನಗ್ನ ದೇವತೆ’, ‘ನಾಚಿಕೆಯಿಲ್ಲದ ಹೆಂಗಸು’ ಎನಿಸಿದ್ದಾಳೆ. ಒಬ್ಬರ ಕಣ್ಣಿಗೆ ಜಗನ್ಮಾತೆ, ಇನ್ನೊಂದೆಡೆ ನಾಚಿಕೆಗೆಟ್ಟವಳು! ಹಾಗಾದರೆ ಅಂದಿನ ಹೆಂಗಸರೇ ಏನೆಂದುಕೊಂಡಿದ್ದರು? ಅದಕ್ಕೂ ಒಂದು ಸಾಕ್ಷ್ಯವಿದೆ. ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿ ಸಿಕ್ಕ ಇಂಥದೇ ಒಂದು ಕಲ್ಲಿನ ಮೂರ್ತಿಯ ಮೇಲೆ ಪ್ರಾಕೃತದ ಬರಹವಿದೆ. ಅದನ್ನು ಮಾಡಿಸಿದವಳು ಇಕ್ಷ್ವಾಕು ವಂಶದ ರಾಣಿ ಖಂದುವುಲಾ. ತಾನು ಮುತ್ತೈದೆ, ತನ್ನ ಮಕ್ಕಳು ಬದುಕಿದ್ದಾರೆ ಎಂದು ಅವಳು ಅದರಲ್ಲಿ ಹೇಳಿಕೊಂಡಿದ್ದಾಳೆ. ಆ ಮಾತಿನಲ್ಲಿ ನಾಚಿಕೆಯ ಸುಳಿವಿಲ್ಲ, ಹೆಮ್ಮೆಯಿದೆ.

ಬಾದಾಮಿಯ ಚಲುಕ್ಯರು ಆಳುತ್ತಿದ್ದ ಆ ಶತಮಾನಗಳಲ್ಲಿಯೇ ಭೂಮಿಯ ಇನ್ನೊಂದು ಬದಿಯಲ್ಲಿ, ಮೆಕ್ಸಿಕೋದ ಮಾಯಾ ಜನರೂ ಮಣ್ಣಿನಲ್ಲಿ ಹೆಂಗಸರನ್ನು ಮಾಡುತ್ತಿದ್ದರು. ಹೈನಾ ಎಂಬ ದ್ವೀಪದ ಸಮಾಧಿಗಳಲ್ಲಿ ಅಂಥ ಬೊಂಬೆಗಳು ಬಹಳವಾಗಿ ಸಿಕ್ಕಿವೆ. ಅಲ್ಲಿ ಮಗ್ಗದ ಮುಂದೆ ಕುಳಿತು ನೇಯುವವಳಿದ್ದಾಳೆ, ಮಗುವನ್ನು ಎತ್ತಿಕೊಂಡವಳಿದ್ದಾಳೆ. ಅಲ್ಲಿಯೂ ಕಲ್ಲಿನ ದೊಡ್ಡ ಕಂಬಗಳಲ್ಲಿ ಹೆಚ್ಚಾಗಿ ನಿಂತವರು ಅರಸರು. ಮನೆಯ ದುಡಿಮೆಗೆ ರೂಪ ಕೊಟ್ಟದ್ದು ಮಣ್ಣು. ನಮ್ಮ ಹರಿಹರದ ಹರಿಹರೇಶ್ವರ ದೇವಾಲಯವನ್ನು 13ನೆಯ ಶತಮಾನದಲ್ಲಿ ಕಟ್ಟಿಸಿದ ಪೋಲಾಳ್ವ ದಂಡನಾಥನ ಹೆಸರು ಶಾಸನದಲ್ಲಿ ಉಳಿದಿದೆ. ಆ ಕಾಲದಲ್ಲಿ ಹೆತ್ತವರ, ಹೆರಿಗೆ ಮಾಡಿಸಿದವರ ಹೆಸರನ್ನು ಯಾವ ಶಾಸನದಲ್ಲಿ ಹುಡುಕೋಣ?

ಈ ಪ್ರಶ್ನೆ ನನ್ನ ಮನೆಯದೂ ಹೌದು. ನಮ್ಮಜ್ಜಿ ಭಾನುವಳ್ಳಿಯಲ್ಲಿ ಸೂಲಗಿತ್ತಿಯಾಗಿದ್ದವಳು. ಅವಳಿಗೆ ಓದು ಬಾರದು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗ್ರಂಥಾಲಯದಿಂದ ತಂದ ಪುಸ್ತಕದ ಚಿತ್ರವನ್ನು ಒಂದು ಸಂಜೆ ಅಳುಕುತ್ತಲೇ ಅವಳಿಗೆ ತೋರಿಸಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಇದನ್ನ ಮಾಡಿದೋರು ಹೆರಿಗೆ ನೋಡಿದೋರೇ ಇರ್ಬೇಕು” ಎಂದಳು.

“ನಾಚಿಕೆ ಆಗಲ್ವೇನಜ್ಜಿ?” ಎಂದೆ.

“ಇದ್ರಾಗೆ ನಾಚ್ಕೆ ಪಡೋದೇನೈತೆ ತಾಯಿ? ನೀನು ಹುಟ್ಟಿದಾಗ ನಿಮ್ಮವ್ವನೂ ಹಿಂಗೇ ಇದ್ಲು.”

ಐಹೊಳೆಯ ಸಮೀಪದ ಸಿದ್ಧನಕೊಳ್ಳದಲ್ಲಿ ಇಂದಿಗೂ ಹೆಂಗಸರು ಲಜ್ಜಾಗೌರಿಗೆ ಪೂಜೆ ಸಲ್ಲಿಸಿ ಸಂತಾನವನ್ನು ಬೇಡಿಕೊಳ್ಳುತ್ತಾರೆ. ಅವರೂ ತಲೆ ಬಾಗಿಸುತ್ತಾರೆ, ನಾವೂ ತಗ್ಗಿಸಿದೆವು. ಆದರೆ ಎರಡೂ ಒಂದೇ ಅಲ್ಲ. ಮುಂದಿನ ಪ್ರವಾಸದಲ್ಲಿ ಬಾದಾಮಿಗೆ ಹೋಗುವ ಕಿರಿಯ ಸೋದರ ಸೋದರಿಯರು ಆ ಮೂರ್ತಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಬೇಕೆಂದು ನನ್ನ ಬಿನ್ನಹ. ನಾನು ನಿಲ್ಲದೆ ಬಂದೆ.